ಸ್ಕ್ವೇರ್ ವೇವ್ ಒಳಗ ಯಾವ್ಯಾವ ಫ್ರೀಕ್ವೆನ್ಸಿ ಅದಾವ, ಯಾಕ ಅದಾವ

ಹಳೇ ನಮೂನಿ ಸ್ಕ್ವೇರ್ ವೇವ್ ಇನ್ವರ್ಟರ್ ಇರೋ ಮನ್ಯಾಗ ಕರೆಂಟ್ ಹೋದ ಕೂಡ್ಲೆ ಫ್ಯಾನಿನ ಸಪ್ಪಳ ಬ್ಯಾರೆ ಆಗ್ತೈತಿ, ನೀವೂ ಕೇಳಿರ್ತೀರಿ. ಅಲ್ಲಿತನಾ ಸುಮ್ನ ತಿರಗೋ ಫ್ಯಾನು ಗುಂಯ್ ಅಂತ ಶುರು ಮಾಡ್ತೈತಿ, ರೇಡಿಯೋ ಹಚ್ಚಿದ್ರ ಅದರಾಗೂ ಕರಕರ. ಬಾಗಲಕೋಟಿ ವಿಜಯಪುರ ಕಡೆ ಬ್ಯಾಸಗ್ಯಾಗ ಇದ ಸಪ್ಪಳದಾಗ ಮಲಗಿ ರೂಢಿ ಆದವ್ರು ಭಾಳ ಮಂದಿ ಅದಾರ. ಲೈನಿಂದ ಬರೋದು 230 ವೋಲ್ಟ್, ಇನ್ವರ್ಟರ್ ಕೊಡೋದೂ 230 ವೋಲ್ಟ್ ಅಂತ ಇಟ್ಕೋರಿ, ಎರಡೂ ಸೆಕೆಂಡಿಗೆ 50 ಸಲಾನ ಮ್ಯಾಲ ಕೆಳಗ ಆಗ್ತಾವ. ಹಂಗಿದ್ರ ಈ ಹೊಸಾ ಸಪ್ಪಳ ಎಲ್ಲಿಂದ ಬಂತು?

ಬಂದದ್ದು ಆಕಾರದಿಂದ. ಲೈನಿನ ವೋಲ್ಟೇಜು ಸೈನ್ ವೇವ್, ಮೆಲ್ಲಕ ಏರಿ ಮೆಲ್ಲಕ ಇಳಿತೈತಿ. ಸ್ಕ್ವೇರ್ ವೇವ್ ಹಂಗಲ್ಲ, ಅರ್ಧ ಸೈಕಲ್ ಪೂರಾ ಪ್ಲಸ್ 230 ಮ್ಯಾಲ ನಿಂತು ಒಮ್ಮೆಕ್ಕಲೆ ಮೈನಸ್ 230ಕ್ಕ ಜಿಗಿದು ಉಳಿದ ಅರ್ಧ ಅಲ್ಲೇ ನಿಲ್ತೈತಿ. ಈ ಚೌಕ ಆಕಾರದ ಒಳಗ 50 ಹರ್ಟ್ಸ್ ಒಂದ ಇಲ್ಲ, ಅದರ ಜೋಡಿ 150, 250, 350, 450 ಹಿಂಗ ಕೊನೀನ ಇಲ್ಲದಷ್ಟು ಫ್ರೀಕ್ವೆನ್ಸಿ ಅದಾವ. 100 ಇಲ್ಲ, 200 ಇಲ್ಲ, 300 ಇಲ್ಲ. ಬೆಸ ಸಂಖ್ಯೆದು ಅಷ್ಟ.

ಎಂಜಿನಿಯರಿಂಗ್ ಅಥವಾ ಡಿಪ್ಲೊಮಾ ಓದಿದವ್ರು ಎಲ್ಲಾರೂ ಒಂದಲ್ಲ ಒಂದು ಪರೀಕ್ಷಾದಾಗ ಈ ಸೀರೀಸ್ ಬರದಿರ್ತಾರ, ನಾಲ್ಕು ಬಾಗಿಲೆ ಪೈ (4/π) ಅಂತ ಶುರು ಮಾಡಿ ಇಂಟಿಗ್ರೇಷನ್ ಎಲ್ಲಾ ಸರಿಯಾಗಿ ಮಾಡಿ ಮಾರ್ಕ್ಸೂ ತಗೊಂಡಿರ್ತಾರ. ಆದ್ರ ನಮ್ಮ ಬೆಳಗಾವಿ ಲ್ಯಾಬ್‌ನ್ಯಾಗ ಫಂಕ್ಷನ್ ಜನರೇಟರ್ (ಬೇಕಾದ ಫ್ರೀಕ್ವೆನ್ಸಿದ ಸಿಗ್ನಲ್ ಕೊಡೋ ಸಾಮಾನು) ಹಚ್ಚಿದಾಗ ಹುಡುಗ್ರು ಕೇಳೋ ಪ್ರಶ್ನೆ ಬ್ಯಾರೇನ ಇರ್ತೈತಿ. "ಸರ, ಜನರೇಟರ್‌ನ್ಯಾಗ 1 ಕಿಲೋಹರ್ಟ್ಸ್ ಅಷ್ಟ ಸೆಟ್ ಮಾಡೇವಿ, 3 ಕಿಲೋಹರ್ಟ್ಸ್ ಖರೇನ ಒಳಗ ಐತೇನ್ರಿ, ಇಲ್ಲಾ ಬರೀ ಲೆಕ್ಕಕ್ಕ ಬರ್ಕೊಂಡಿದ್ದೋ?" ಭಾಳ ಒಳ್ಳೆ ಪ್ರಶ್ನೆ ಇದು, ನನಗ ಇದರ ಮ್ಯಾಲ ಪ್ರೀತಿ ಐತಿ, ಯಾಕಂದ್ರ ಸೂತ್ರ ಬಾಯಿಪಾಠ ಮಾಡಿದವ್ನಿಗೆ ಈ ಪ್ರಶ್ನೆ ಹೊಳೆಯೋದ ಇಲ್ಲ. ಖರೇನ ಐತಿ, ಒಂದೊಂದನ್ನೂ ಹಿಡದು ತೋರಸಬಹುದು. ಆದ್ರ ಮೊದಲ ಅದು ಎಷ್ಟ್ ಐತಿ ಅನ್ನೋದನ್ನ ಇಂಟಿಗ್ರೇಷನ್ ಇಲ್ಲದ ಬರೀ ಎಣಿಸಿ ಕಂಡುಹಿಡಿಯೋಣ.

ಒಂದು ಸಿಗ್ನಲ್ ಒಳಗ ಒಂದು ಫ್ರೀಕ್ವೆನ್ಸಿ ಎಷ್ಟ್ ಪ್ರಮಾಣದಾಗ ಐತಿ ಅಂತ ತಿಳ್ಕೊಳ್ಳಾಕ ದಾರಿ ಇಷ್ಟ: ಆ ಫ್ರೀಕ್ವೆನ್ಸಿದ, ಎತ್ತರ ಒಂದು ಇರೋ ಸೈನ್ ವೇವ್ ತಗೋರಿ, ಅದನ್ನ ಸಿಗ್ನಲ್ ಜೋಡಿ ಕ್ಷಣಕ್ಷಣಕ್ಕೂ ಗುಣಾಕಾರ ಮಾಡ್ರಿ, ಬಂದದ್ದರ ಸರಾಸರಿ ತಗದು ಎರಡ್ ಪಟ್ಟು ಮಾಡ್ರಿ. ಎರಡ್ ಪಟ್ಟು ಯಾಕಂದ್ರ, ಸೈನ್ ವೇವನ್ನ ಅದರ ಜೋಡೀನ ಗುಣಿಸಿದ್ರ ಸರಾಸರಿ ಅರ್ಧ ಬರ್ತೈತಿ, ಆ ಅರ್ಧಾನ ಒಂದಕ್ಕ ತರಾಕ. ಬ್ಯಾರೆ ಬ್ಯಾರೆ ಫ್ರೀಕ್ವೆನ್ಸಿದ ಎರಡು ಸೈನ್ ಗುಣಿಸಿದ್ರ, ಒಂದ 50 ಇನ್ನೊಂದ 150 ಅಂದ್ಕೋರಿ, ಪ್ಲಸ್ ಬಂದದ್ದು ಮೈನಸ್ ಬಂದದ್ದು ಪೂರಾ ವಜಾ ಆಗಿ ಸರಾಸರಿ ಸೊನ್ನೆ. ಅದಕ್ಕ ನಾವ್ ಹುಡುಕೋ ಫ್ರೀಕ್ವೆನ್ಸಿ ಒಂದ ಲೆಕ್ಕಕ್ಕ ಸಿಗ್ತೈತಿ, ಉಳಿದದ್ದೆಲ್ಲಾ ತಾನಾಗೇ ಬಿಟ್ಟು ಹೋಗ್ತೈತಿ.

ಈಗ ಪ್ಲಸ್ ಒಂದು ಮೈನಸ್ ಒಂದರ ನಡುವ ಜಿಗಿಯೋ ಸ್ಕ್ವೇರ್ ವೇವ್ ತಗೋರಿ. ಮೊದಲ ಅರ್ಧ ಸೈಕಲ್‌ನ್ಯಾಗ ಅದು ಪ್ಲಸ್ ಒಂದು, ಒಂದರಿಂದ ಗುಣಿಸಿದ್ರ ಸೈನ್ ಇದ್ದಂಗ ಉಳಿತೈತಿ, ಲೆಕ್ಕ ಮಾಡೋದ ಇಲ್ಲ. ಅಂದ್ರ ಆ ಅರ್ಧ ಸೈಕಲ್ ಹೊತ್ತಿನಾಗ ನಮ್ಮ ಸೈನ್ ವೇವಿಂದು ಎಷ್ಟ್ ದಿಬ್ಬ ಬರ್ತಾವ ಎಷ್ಟ್ ತಗ್ಗು ಬರ್ತಾವ ಅಂತ ಎಣಿಸಿದ್ರ ಸಾಕು. ಒಂದು ಹಾಳಿ ಮ್ಯಾಲ ಗೆರಿ ಎಳದು ನೋಡ್ರಿ, ಇದನ್ನ ಕಣ್ಣಿಂದ ನೋಡಬೇಕು.

50 ಹರ್ಟ್ಸ್ ಸೈನ್ ಆ ಅರ್ಧ ಸೈಕಲ್‌ನ್ಯಾಗ ಒಂದ ದಿಬ್ಬ ಮಾಡ್ತೈತಿ. ತಗ್ಗಿಲ್ಲ, ಪೂರಾ ದಿಬ್ಬ ಸಿಕ್ತು. ಸೈನಿನ ಒಂದು ದಿಬ್ಬದ ಸರಾಸರಿ ಎತ್ತರ ಎರಡು ಬಾಗಿಲೆ ಪೈ, ಅಂದ್ರ 0.637. ಎರಡ್ ಪಟ್ಟು ಮಾಡಿದ್ರ 1.273. ಇದ ಆ ನಾಲ್ಕು ಬಾಗಿಲೆ ಪೈ.

100 ಹರ್ಟ್ಸ್ ಅದ ಹೊತ್ತಿನಾಗ ಒಂದು ದಿಬ್ಬ ಒಂದು ತಗ್ಗು ಮಾಡಿ ಮುಗಸ್ತೈತಿ. ಸರಿಸಮ ಆಗಿ ಸೊನ್ನೆ. ಅದಕ್ಕ ಎರಡನೇ ಹಾರ್ಮೋನಿಕ್, ಅಂದ್ರ ಮೂಲ ಫ್ರೀಕ್ವೆನ್ಸಿದ ಎರಡು ಪಟ್ಟಿಂದು, ಇಲ್ಲ.

150 ಹರ್ಟ್ಸ್ ದಿಬ್ಬ, ತಗ್ಗು, ದಿಬ್ಬ. ಒಂದು ತಗ್ಗು ಒಂದು ದಿಬ್ಬಾನ ವಜಾ ಮಾಡ್ತು, ಉಳಿದದ್ದು ಒಂದ ದಿಬ್ಬ. ಆದ್ರ ಈ ದಿಬ್ಬದ ಅಗಲ ಮೊದಲನೇದ್ದರ ಮೂರನೇ ಒಂದ್ ಪಾಲು, ಎತ್ತರ ಅಷ್ಟ. ಹಂಗಾಗಿ ಸಿಕ್ಕಿದ್ದೂ ಮೂರನೇ ಒಂದ್ ಪಾಲು, 0.424. 250 ಹರ್ಟ್ಸಿಗೆ ಐದು ಉಬ್ಬು ಬರ್ತಾವ, ಮೂರು ದಿಬ್ಬ ಎರಡು ತಗ್ಗು, ಮತ್ತ ಒಂದ ಉಳಿತೈತಿ, ಐದನೇ ಒಂದ್ ಪಾಲು ಅಗಲದ್ದು, 0.255. ಬೆಸ ಸಂಖ್ಯೆ ಯಾವ್ದ ತಗೊಂಡ್ರೂ ಕೊನೀಗೆ ಜೊತೆ ಇಲ್ಲದ ಒಂದು ದಿಬ್ಬ ಉಳಿತೈತಿ, ಸಮ ಸಂಖ್ಯೆ ತಗೊಂಡ್ರ ಏನೂ ಉಳಿಯಂಗಿಲ್ಲ. ಇನ್ನ ಎರಡನೇ ಅರ್ಧ ಸೈಕಲ್‌ನ್ಯಾಗ ಸ್ಕ್ವೇರ್ ವೇವ್ ಮೈನಸ್ ಆಗ್ತೈತಿ, ಬೆಸ ಸೈನೂ ಅಷ್ಟೊತ್ತಿಗೆ ಉಲ್ಟಾ ಆಗಿರ್ತೈತಿ, ಮೈನಸ್ ಮೈನಸ್ ಸೇರಿ ಮೊದಲಿನ ಲೆಕ್ಕಾನ ಮತ್ತ ಬರ್ತೈತಿ. ಕೊಸೈನ್ ಹಾಕಿ ನೋಡಿದ್ರ ಎಲ್ಲಾ ಸೊನ್ನೆ, ಯಾಕಂದ್ರ ನಾವ್ ಸಮಯ ಎಣಿಸಾಕ ಶುರು ಮಾಡಿದ್ದು ಸರಿಯಾಗಿ ಜಿಗಿಯೋ ಜಾಗದಿಂದ.

ಬೆಸ ಅಷ್ಟ ಯಾಕ, ಒಂದು, ಮೂರನೇ ಒಂದ್ ಪಾಲು, ಐದನೇ ಒಂದ್ ಪಾಲು ಅಂತ ಯಾಕ, ಎರಡಕ್ಕೂ ಉತ್ತರ ಉಳಿದ ಆ ಒಂದು ದಿಬ್ಬದಾಗ ಐತಿ. ಇಷ್ಟು ಚಂದ ಕಾರಣ ಇದ್ದಾಗ ಇದನ್ನ ಹೇಳದ ಸೀದಾ ಇಂಟಿಗ್ರೇಷನ್ ಬೋರ್ಡ್ ಮ್ಯಾಲ ಬರಿಯೋದು ನನಗ ಸರಿ ಅನಸೋದಿಲ್ಲ.

ಈ ದಾರಿ ತೋರಿಸಿದ ಜೋಸೆಫ್ ಫೋರಿಯರ್ ಫ್ರಾನ್ಸಿನವ, ಹುಟ್ಟಿದ್ದು 1768ರಾಗ. ಅವಂಗ ಬೇಕಾಗಿದ್ದು ಕರೆಂಟ್ ಅಲ್ಲ, ಕಾದ ವಸ್ತು ಒಳಗ ಶಾಖ ಹೆಂಗ ಹರೀತೈತಿ ಅನ್ನೋದು. 1807ರಾಗ ಪ್ಯಾರಿಸ್ಸಿನ ವಿದ್ವಾಂಸರ ಮುಂದ ತನ್ನ ಪ್ರಬಂಧ ಇಟ್ಟ. ಅದನ್ನ ನೋಡಿದವ್ರ ಪೈಕಿ ಲಗ್ರಾಂಜ್, ಲಪ್ಲಾಸ್ ಅಂಥಾ ದೊಡ್ಡ ಗಣಿತಜ್ಞರು ಇದ್ರು, ಲಗ್ರಾಂಜ್ ಅಂತೂ ಒಪ್ಪಲಿಲ್ಲ. ಮೂಲೀನ ಇಲ್ಲದ ನುಣ್ಣನ ಸೈನ್‌ಗಳನ್ನ ಕೂಡಿಸಿ ಮೂಲೆ ಇರೋ ಆಕಾರ ಮಾಡ್ತೀನಿ ಅಂದ್ರ ಯಾರಿಗೂ ಸಂಶಯ ಬರ್ತೈತಿ, ಅವ್ರ ಹಟದಾಗೂ ಅರ್ಥ ಇತ್ತು. ಪುಸ್ತಕ ಆಗಿ ಹೊರಗ ಬಂದದ್ದು 1822ಕ್ಕ, ಅದರಾಗ ಅವ ಮೊದಲಿಗೆ ಬಿಡಿಸಿ ತೋರಿಸಿದ ದೊಡ್ಡ ಉದಾಹರಣೆ ಇದ ಚೌಕ ಆಕಾರದ್ದ.

ಸಂಶಯ ಪಡೋರು ಒಂದು ಸಣ್ಣ ಕೂಡಿಸೋ ಲೆಕ್ಕ ಮಾಡಿ ನೋಡಬಹುದು. ಮೊದಲ ಸೈನಿನ ತುದಿ 1.273, ಆದ್ರ ನಮ್ಮ ಸ್ಕ್ವೇರ್ ವೇವ್ ಎತ್ತರ ಬರೀ 1. ಹೆಚ್ಚಾತಲ್ಲ? ಆ ತುದಿ ಬರೋ ಜಾಗದಾಗ ಮೂರನೇ ಹಾರ್ಮೋನಿಕ್ ತನ್ನ ತಗ್ಗಿನಾಗ ಇರ್ತೈತಿ, 0.424 ಕಳೆದ್ರ 0.849. ಈಗ ಕಡಿಮಿ ಆತು, ಐದನೇದ್ದು ಅಲ್ಲಿ ದಿಬ್ಬದ ಮ್ಯಾಲ ಇರ್ತೈತಿ, ಕೂಡಿಸಿದ್ರ 1.103. ಏಳನೇದ್ದು ಕಳೆದ್ರ 0.922, ಒಂಬತ್ತನೇದ್ದು ಕೂಡಿಸಿದ್ರ 1.063. ಮ್ಯಾಲ ಕೆಳಗ ಮ್ಯಾಲ ಕೆಳಗ ಆಗ್ತಾ ಒಂದರ ಸಮೀಪ ಬರ್ತೈತಿ. ಪೂರಾ ಬರಬೇಕಂದ್ರ 1 − 1/3 + 1/5 − 1/7 ಹಿಂಗ ಹೋಗೋ ಸಾಲು ಪೈದ ನಾಲ್ಕನೇ ಒಂದ್ ಪಾಲು ಆಗಬೇಕು, ಆಗ್ತೈತಿ ಕೂಡ. ಈ ಸಾಲನ್ನ ಯುರೋಪಿನವ್ರಿಗಿಂತ ಎಷ್ಟೋ ಮೊದಲ, 14ನೇ ಶತಮಾನದ ಕೇರಳದ ಸಂಗಮಗ್ರಾಮದ ಮಾಧವ ಕಂಡುಹಿಡಿದಿದ್ದ. ಸ್ಕ್ವೇರ್ ವೇವಿನ ನಟ್ಟನಡುವ ನಿಂತು ಲೆಕ್ಕ ಮಾಡಿದ್ರ ಮಾಧವನ ಸಾಲು ಸಿಗ್ತೈತಿ ಅಂತ ಕ್ಲಾಸಿನಾಗ ಹೇಳಿದಾಗ ಹುಡುಗ್ರು ಪೆನ್ ಕೆಳಗಿಟ್ಟು ತಲಿ ಎತ್ತತಾರ.

ನಡುವ ಹಿಂಗ ಸರಿ ಹೋದ್ರೂ ಮೂಲ್ಯಾಗ ಒಂದು ವಿಚಿತ್ರ ಐತಿ. ಎಷ್ಟ ಹಾರ್ಮೋನಿಕ್ ಕೂಡಿಸಿದ್ರೂ, ಸಾವಿರ ಕೂಡಿಸಿದ್ರೂ, ಜಿಗಿತದ ಮಗ್ಗಲಕ ಒಂದು ಚೂಪು ಕೋಡು ಉಳಿತೈತಿ, ಜಿಗಿತದ ಸುಮಾರು 9 ಪರ್ಸೆಂಟ್ ಎತ್ತರದ್ದು. ಹೆಚ್ಚು ಕೂಡಿಸಿದಂಗ ಅದು ಜಿಗಿತದ ಸಮೀಪ ಸರಕೋತ ತೆಳ್ಳಗ ಆಗ್ತೈತಿ, ಆದ್ರ ಗಿಡ್ಡ ಆಗಂಗಿಲ್ಲ. ಇದಕ್ಕ ಗಿಬ್ಸ್ ಫಿನಾಮಿನನ್ ಅಂತಾರ. ವಿಲ್ಬ್ರಹಾಮ್ ಅನ್ನಾವ 1848ರಾಗ ಇದನ್ನ ಬರದಿಟ್ಟಿದ್ದ, ಯಾರೂ ಗಮನ ಕೊಡಲಿಲ್ಲ. 1898ರ ಹೊತ್ತಿಗೆ ಮೈಕೆಲ್ಸನ್ ಮತ್ತ ಸ್ಟ್ರಾಟನ್ ಅನ್ನವ್ರು ಸ್ಪ್ರಿಂಗು ಗೇರು ಕೂಡಿಸಿ 80 ಹಾರ್ಮೋನಿಕ್ ಒಟ್ಟು ಮಾಡೋ ಮಷಿನ್ ಮಾಡಿದ್ರು, ಅದ ಕಾಲಕ್ಕ ಮೈಕೆಲ್ಸನ್ ಈ ಜಿಗಿತದ ಪ್ರಶ್ನೆ ಎತ್ತಿದ್ದಕ್ಕ ಗಿಬ್ಸ್ 1899ರಾಗ ಸರಿಯಾದ ವಿವರಣೆ ಕೊಟ್ಟ. ಒಂದು ಮಾತು ಇಲ್ಲೇ ಹೇಳಿಬಿಡ್ತೀನಿ, ಸಿಗ್ನಲ್ಲಿನ ಆಕಾರ ತೋರಸೋ ಆಸಿಲೋಸ್ಕೋಪ್ (ಸ್ಕೋಪ್) ಮ್ಯಾಲ ಮೂಲ್ಯಾಗ ಕಾಣೋ ಕುಣಿತ ಎಲ್ಲಾ ಗಿಬ್ಸ್ ಅಲ್ಲ. ಭಾಳ ಸಲ ಅದು ಪ್ರೋಬಿಂದೋ ಉದ್ದನ್ನ ಗ್ರೌಂಡ್ ವಾಯರಿಂದೋ ಕಾಟ, ಎಲ್ಲಾದಕ್ಕೂ ಗಿಬ್ಸ್ ಹೆಸರು ಹಚ್ಚೋದು ಬ್ಯಾಡ.

ಇನ್ವರ್ಟರಿಗೆ ಬರೋಣ. 230 ವೋಲ್ಟಿನ ಸ್ಕ್ವೇರ್ ವೇವ್ ಒಳಗ 50 ಹರ್ಟ್ಸಿಂದು ಆರ್‌ಎಂಎಸ್ ಲೆಕ್ಕದಾಗ (ವರ್ಗ ಮಾಡಿ, ಸರಾಸರಿ ತಗದು, ವರ್ಗಮೂಲ ತಗಿಯೋ ಲೆಕ್ಕ) ಬರೀ 207 ವೋಲ್ಟ್. 150 ಹರ್ಟ್ಸಿಂದು 69 ವೋಲ್ಟ್, 250ದ್ದು 41, 350ದ್ದು ಸುಮಾರು 30, ಹಂಗ ಇಳಕೋತ ಹೋಗ್ತಾವ. ಇವನ್ನ ಸೀದಾ ಕೂಡಿಸಿದ್ರ 230 ದಾಟಿ ಹೋಗ್ತೈತಿ, ಹಂಗ ಕೂಡಸಂಗಿಲ್ಲ, ವರ್ಗ ಮಾಡಿ ಕೂಡಿಸಿದ್ರ ಸರಿಯಾಗಿ 230ರ ವರ್ಗಕ್ಕ ಬರ್ತೈತಿ. ಪವರ್ ಲೆಕ್ಕದಾಗ 81 ಪರ್ಸೆಂಟ್ ಮೊದಲನೇದ್ದಕ್ಕ, 9 ಪರ್ಸೆಂಟ್ ಮೂರನೇದ್ದಕ್ಕ, ಉಳಿದ 10 ಉಳಿದವ್ರೆಲ್ಲಾರಿಗೂ. 50 ಹರ್ಟ್ಸ್ ಬಿಟ್ಟು ಉಳಿದ ಹಾರ್ಮೋನಿಕ್ ಎಲ್ಲಾ ಒಟ್ಟಿಗೆ ತಗೊಂಡ್ರ 100 ವೋಲ್ಟ್ ಆಗ್ತೈತಿ, ಸಣ್ಣದಲ್ಲ.

ಫ್ಯಾನ್ ತಿರಗಸಾಕ ಕೆಲಸಕ್ಕ ಬರೋದು ಆ 207 ಅಷ್ಟ. ಉಳಿದ 100 ವೋಲ್ಟ್ ಸುರುಳಿ ಕಾಸ್ತೈತಿ, ಕಬ್ಬಿಣ ಕಾಸ್ತೈತಿ, ಸಪ್ಪಳ ಮಾಡ್ತೈತಿ. ಸಪ್ಪಳದ ಲೆಕ್ಕಾನೂ ಚಂದ ಐತಿ: ಮೋಟರ್ ಒಳಗಿನ ಕಬ್ಬಿಣಾನ ಎಳಿಯೋ ಬಲ ಮ್ಯಾಗ್ನೆಟಿಕ್ ಫ್ಲಕ್ಸಿನ ವರ್ಗದ ಮ್ಯಾಲ ಹೋಗ್ತೈತಿ, ಪ್ಲಸ್ ಇದ್ರೂ ಎಳಿತೈತಿ ಮೈನಸ್ ಇದ್ರೂ ಎಳಿತೈತಿ. ಅದಕ್ಕ ಸಾದಾ 50 ಹರ್ಟ್ಸಿಗೆ ಫ್ಯಾನ್ ಗುನುಗೋದು 100 ಹರ್ಟ್ಸಿನಾಗ. ಜೋಡಿಗೆ 150, 250 ಬಂದ್ರ ಅವು ಒಂದಕ್ಕೊಂದು ಕೂಡಿ ಕಳೆದು 200, 300, 400 ಹರ್ಟ್ಸಿನ ನಡುಕ ಹುಟ್ಟಸ್ತಾವ. ನಮ್ಮ ಕಿವಿ 100ಕ್ಕಿಂತ 300, 400 ಹರ್ಟ್ಸ್ ಭಾಳ ಚುರುಕಾಗಿ ಕೇಳ್ತೈತಿ, ಹಂಗಾಗಿ ಒಳಗ ಇರೋದು ಸ್ವಲ್ಪ ಇದ್ರೂ ಕೇಳೋದು ಜೋರು.

ಇಲ್ಲೇ ಇನ್ನೊಂದು ವಿಷಯ, ಇನ್ವರ್ಟರ್ ರಿಪೇರಿ ಮಾಡೋರಿಗೆ ಉಪಯೋಗ ಆಗೋದು. ಸಾದಾ ಮಲ್ಟಿಮೀಟರ್ ಎಸಿ ಅಳಿಯೋದು ಮೈನಸ್ಸನ್ನೂ ಪ್ಲಸ್ ಮಾಡಿ ಸರಾಸರಿ ತಗದು 1.11ರಿಂದ ಗುಣಿಸಿ, ಮುಂದ ಇರೋದು ಸೈನ್ ಅಂತ ನಂಬಿಕೊಂಡು. ಸ್ಕ್ವೇರ್ ವೇವಿಗೆ ಸರಾಸರೀನೂ ಆರ್‌ಎಂಎಸ್ಸೂ ಒಂದ, ಆದ್ರೂ ಮೀಟರ್ 1.11 ಹಚ್ಚೇ ಹಚ್ತೈತಿ, ಖರೇ 230 ಇದ್ದಲ್ಲಿ 255 ತೋರಸ್ತೈತಿ. ವೋಲ್ಟೇಜ್ ಹೆಚ್ಚಾಗೈತಿ ಅಂತ ಅದನ್ನ ಇಳಸಾಕ ಇನ್ವರ್ಟರ್ ಒಳಗಿನ ಪ್ರಿಸೆಟ್ (ವೋಲ್ಟೇಜ್ ಹೊಂದಿಸೋ ಸಣ್ಣ ತಿರುಪು) ತಿರುವಿದ್ರ ಫ್ಯಾನ್ ಇನ್ನೂ ನಿಧಾನ ಆಗ್ತೈತಿ. ಟ್ರೂ ಆರ್‌ಎಂಎಸ್ ಮೀಟರ್ ಇದ್ರ ಈ ತೊಂದ್ರಿ ಇಲ್ಲ.

ಇನ್ನ ಖರೇನ ಒಳಗ ಐತೇನ್ರಿ ಅನ್ನೋ ಆ ಪ್ರಶ್ನೆ. ಲ್ಯಾಬಿನ ಡಿಜಿಟಲ್ ಸ್ಕೋಪಿನಾಗ ಎಫ್‌ಎಫ್‌ಟಿ (ಸಿಗ್ನಲ್ಲನ್ನ ಫ್ರೀಕ್ವೆನ್ಸಿಗಳಾಗಿ ಬಿಡಿಸಿ ತೋರಸೋದು) ಒತ್ತಿದ್ರ 1, 3, 5, 7 ಕಿಲೋಹರ್ಟ್ಸಿನಾಗ ಕಡ್ಡಿ ನಿಂತದ್ದು ಕಾಣ್ತೈತಿ, ಮೂರನೇದ್ದು ಮೊದಲನೇದ್ದಕ್ಕಿಂತ 9.5 ಡೆಸಿಬಲ್ ಕೆಳಗ, ಐದನೇದ್ದು 14 ಡೆಸಿಬಲ್ ಕೆಳಗ. ಆದ್ರ ಹುಡುಗ್ರು ಅದಕ್ಕೂ ಸಮಾಧಾನ ಆಗಂಗಿಲ್ಲ, ಸ್ಕೋಪೂ ಲೆಕ್ಕಾನ ಮಾಡಿ ತೋರಸ್ತೈತಲ್ರಿ ಅಂತಾರ, ಅದೂ ಖರೇನ. ಅದಕ್ಕ ಫೋರಿಯರ್ ಹೆಸರ ಗೊತ್ತಿಲ್ಲದ ಒಂದು ಸಾಮಾನು ಬೇಕು. ಮೀಡಿಯಂ ವೇವ್ ರೇಡಿಯೋ.

ನಮ್ಮ ಕಡೆ ಧಾರವಾಡ ಆಕಾಶವಾಣಿ ಹಚ್ಚೋದು 765 ಕಿಲೋಹರ್ಟ್ಸಿನಾಗ. ಪ್ರಸಾರ ನಡದಾಗ ರೇಡಿಯೋ ಅಲ್ಲಿ ಟ್ಯೂನ್ ಮಾಡಿ ಇಡ್ರಿ. ಫಂಕ್ಷನ್ ಜನರೇಟರಿಗೆ ಒಂದು ಸಾವಿರ ಓಮ್ಸ್ ರೆಸಿಸ್ಟರ್ ಹಾಕಿ ನಾಕೈದು ಸುತ್ತು ವಾಯರ್ ಕಟ್ಟಿ ರೇಡಿಯೋ ಮಗ್ಗಲಕ ಇಡ್ರಿ. ಜನರೇಟರ್ 255.3 ಕಿಲೋಹರ್ಟ್ಸಿಗೆ ಸೆಟ್ ಮಾಡಿ ಮೊದಲ ಸೈನ್ ಕೊಡ್ರಿ. ಒಳ್ಳೆ ಜನರೇಟರ್ ಇದ್ರ ಏನೂ ಆಗಂಗಿಲ್ಲ, ಹಾಡು ಇದ್ದಂಗ ನಡಿತೈತಿ, 255 ಎಲ್ಲಿ 765 ಎಲ್ಲಿ. ಈಗ ಫ್ರೀಕ್ವೆನ್ಸಿ ಮುಟ್ಟಬ್ಯಾಡ್ರಿ, ಸ್ಕ್ವೇರ್ ಬಟನ್ ಅಷ್ಟ ಒತ್ತರಿ. ಹಾಡಿನ ಮ್ಯಾಲ ಸಿಳ್ಳೆ ಶುರು ಆಗ್ತೈತಿ. 255.3ರ ಮೂರು ಪಟ್ಟು 765.9, ಸ್ಟೇಷನ್ನಿಗೂ ಅದಕ್ಕೂ ಇರೋ ಫರಕು 900 ಹರ್ಟ್ಸ್, ಆ ಫರಕ ಸಿಳ್ಳೆ ಆಗಿ ಕೇಳ್ತೈತಿ. ಜನರೇಟರನ್ನ 255.4ಕ್ಕ ಏರಿಸ್ರಿ, ನೀವ್ ಏರಿಸಿದ್ದು ಬರೀ 100 ಹರ್ಟ್ಸ್, ಸಿಳ್ಳೆ 900ರಿಂದ 1200ಕ್ಕ ಹೋಗ್ತೈತಿ, 300 ಏರಿತು. ಅಂದ್ರ ರೇಡಿಯೋ ಕೇಳಾಕತ್ತಿದ್ದು ಸರಿಯಾಗಿ ಮೂರು ಪಟ್ಟಿನ ಫ್ರೀಕ್ವೆನ್ಸೀನ, ಬ್ಯಾರೆ ಯಾವ್ದೋ ಗದ್ದಲ ಅಲ್ಲ. ಐದನೇದ್ದು ಬೇಕಂದ್ರ 153.2 ಕೊಡ್ರಿ, ಅದರ ಐದು ಪಟ್ಟು 766, ಸಿಳ್ಳೆ 1000 ಹರ್ಟ್ಸ್, ಸಪ್ಪಳ ಮೊದಲಿಗಿಂತ ಸಣ್ಣದು. ಇದನ್ನ ಕೇಳಿದ ಮ್ಯಾಲ ಯಾರೂ ಬರೀ ಲೆಕ್ಕಕ್ಕ ಬರ್ಕೊಂಡಿದ್ದು ಅನ್ನಂಗಿಲ್ಲ.

ಕಿವೀನೂ ಹಿಂಗ ಬೇರ್ಪಡಿಸಿ ಕೇಳ್ತೈತಿ. ಸ್ಪೀಕರಿಗೆ 400 ಹರ್ಟ್ಸ್ ಸೈನ್ ಕೊಟ್ರ ಸೀಟಿ ಹಂಗ ಸಪ್ಪಗ, ಸ್ಕ್ವೇರ್ ಕೊಟ್ರ ಗಡಸು. ಅದ 10 ಕಿಲೋಹರ್ಟ್ಸಿಗೆ ಒಯ್ದು, ಮೊದಲ ಹಾರ್ಮೋನಿಕ್ಕಿನ ಜೋರು ಸಮ ಮಾಡಿ ಕೇಳ್ರಿ, ಸೈನ್ ಯಾವ್ದು ಸ್ಕ್ವೇರ್ ಯಾವ್ದು ಅಂತ ಹೇಳಾಕ ಬರೂದಿಲ್ಲ, ಯಾಕಂದ್ರ ಮೂರನೇದ್ದು 30 ಕಿಲೋಹರ್ಟ್ಸ್, ಮನುಷ್ಯಾರ ಕಿವಿ 20ಕ್ಕ ಮುಗಿತೈತಿ. ಇದನ್ನ ಮೊಬೈಲ್ ಆ್ಯಪಿನಾಗ ಮಾಡಬ್ಯಾಡ್ರಿ, ಅಲ್ಲಿ ಸ್ಯಾಂಪ್ಲಿಂಗಿನ ಮಿತಿ ದಾಟಿದ ಹಾರ್ಮೋನಿಕ್‌ಗಳು ಮಡಚಿ ಕೆಳಗ ಬಂದು ಕೇಳಾಕ ಶುರು ಆಗ್ತಾವ, ಪ್ರಯೋಗ ಕೆಡ್ತೈತಿ.

ಆನ್ ಇರೋ ಹೊತ್ತು ಆಫ್ ಇರೋ ಹೊತ್ತು ಸಮ ಇಲ್ಲಂದ್ರ ಏನಾಗ್ತೈತಿ? ಅದ ದಿಬ್ಬ ತಗ್ಗಿನ ಎಣಿಕೆ ಇಲ್ಲೂ ನಡಿತೈತಿ, ಆನ್ ಇರೋ ಹೊತ್ತಿನಾಗ ಯಾವ ಹಾರ್ಮೋನಿಕ್ ಪೂರಾ ಸೈಕಲ್ ಮುಗಸ್ತೈತೋ ಅದು ಮಾಯ. ಸೈಕಲ್ಲಿನ ನಾಲ್ಕನೇ ಒಂದ್ ಪಾಲು ಆನ್ ಇದ್ರ ನಾಲ್ಕನೇದ್ದು ಎಂಟನೇದ್ದು ಇರಂಗಿಲ್ಲ, ಆದ್ರ ಮೊದಲ ಇಲ್ಲದ ಎರಡನೇದ್ದು ಬಂದಬಿಡ್ತೈತಿ. ಇದರ ದೊಡ್ಡ ಉಪಯೋಗ ನಮ್ಮ ಊರಾಗ ಐತಿ. ಬೆಳಗಾವಿ ಉದ್ಯಮಬಾಗ, ಮಚ್ಛೆ ಕಡೆ ಫೌಂಡ್ರಿಗಳದಾವ, ಕಬ್ಬಿಣ ಕರಗಸಾಕ ಇಂಡಕ್ಷನ್ ಫರ್ನೇಸ್ ಇಟ್ಟಿರ್ತಾರ. ಫರ್ನೇಸಿನ ಮೊದಲಿನ ಭಾಗ ಎಸಿನ ಡಿಸಿ ಮಾಡೋ ರೆಕ್ಟಿಫೈಯರ್, ಆರು ಥೈರಿಸ್ಟರಿನ (ಕರೆಂಟ್ ಯಾವಾಗ ಬಿಡಬೇಕು ಅಂತ ಹಿಡಿತದಾಗ ಇಡೋ ಸ್ವಿಚ್ಚು) ಸಾದಾ ಬ್ರಿಜ್ ಇದ್ರ ಅದು ಲೈನಿಂದ ಎಳಿಯೋ ಕರೆಂಟೂ ಹೆಚ್ಚುಕಡಿಮಿ ಚೌಕ: ಸೈಕಲ್ಲಿನ ಮೂರನೇ ಒಂದ್ ಪಾಲು ಪ್ಲಸ್, ಆರನೇ ಒಂದ್ ಪಾಲು ಸೊನ್ನೆ, ಮೂರನೇ ಒಂದ್ ಪಾಲು ಮೈನಸ್, ಮತ್ತ ಸೊನ್ನೆ. ಮೂರನೇ ಒಂದ್ ಪಾಲು ಹೊತ್ತಿನಾಗ ಮೂರನೇ ಹಾರ್ಮೋನಿಕ್ ಒಂದು ದಿಬ್ಬ ಒಂದು ತಗ್ಗು ಪೂರಾ ಮುಗಸ್ತೈತಿ, ಸೊನ್ನೆ. ಒಂಬತ್ತನೇದ್ದೂ ಸೊನ್ನೆ. ಪ್ಲಸ್ ಮೈನಸ್ ಎರಡೂ ಒಂದ ನಮೂನಿ ಇರೋದ್ರಿಂದ ಸಮ ಸಂಖ್ಯೆದ್ದೂ ಇಲ್ಲ. ಉಳಿದದ್ದು 5, 7, 11, 13. ಐದನೇದ್ದು 250 ಹರ್ಟ್ಸ್, ಮೊದಲನೇದ್ದರ 20 ಪರ್ಸೆಂಟ್, ಏಳನೇದ್ದು 350 ಹರ್ಟ್ಸ್, 14 ಪರ್ಸೆಂಟ್.

ಇಷ್ಟು ದೊಡ್ಡ ಕರೆಂಟಿನಾಗ 20 ಪರ್ಸೆಂಟ್ ಅಂದ್ರ ಟ್ರಾನ್ಸ್‌ಫಾರ್ಮರ್ ಕಾಯ್ತೈತಿ, ಪವರ್ ಫ್ಯಾಕ್ಟರ್ ಕೆಪಾಸಿಟರ್ ಅಂತೂ ಬ್ಯಾಗ ಹೋಗ್ತಾವ, ಯಾಕಂದ್ರ ಕೆಪಾಸಿಟರ್ ಫ್ರೀಕ್ವೆನ್ಸಿ ಹೆಚ್ಚಾದಂಗ ಹೆಚ್ಚು ಕರೆಂಟ್ ಬಿಟ್ಕೋತೈತಿ. ಅದಕ್ಕ ದೊಡ್ಡ ಫರ್ನೇಸಿಗೆ ಎರಡು ಬ್ರಿಜ್ ಹಾಕ್ತಾರ, ಒಂದಕ್ಕ ಸ್ಟಾರ್ ಇನ್ನೊಂದಕ್ಕ ಡೆಲ್ಟಾ ಸುತ್ತಿನಿಂದ ಸಪ್ಲೈ ಕೊಟ್ಟು ನಡುವ 30 ಡಿಗ್ರಿ ಫರಕು ಇಡ್ತಾರ. ಎರಡರ ಐದನೇದ್ದೂ ಏಳನೇದ್ದೂ ಲೈನಿನಾಗ ಎದರುಬದರು ಬಂದು ಒಂದನ್ನೊಂದು ವಜಾ ಮಾಡ್ತಾವ, ಉಳಿಯೋದು 11 ಮತ್ತ 13, ಅಂದ್ರ 550 ಮತ್ತ 650 ಹರ್ಟ್ಸ್, ಅವೂ 9 ಮತ್ತ 8 ಪರ್ಸೆಂಟ್ ಆಸುಪಾಸು. ಫೌಂಡ್ರ್ಯಾಗ ಪವರ್ ಅನಲೈಸರ್ ಹಚ್ಚಿದಾಗ ಕಡ್ಡಿ 5, 7ರಾಗ ಎದ್ದಾವೋ 11, 13ರಾಗ ಎದ್ದಾವೋ ನೋಡ್ರಿ, ಒಳಗ ಒಂದ ಬ್ರಿಜ್ ಐತೋ ಎರಡ ಅದಾವೋ ಅಂತ ಪ್ಯಾನಲ್ಲಿನ ಬಾಗಿಲಾ ತಗಿಲಾರ್ದ ಹೇಳಬಹುದು.